ಊರಿಗೆ ಹೈಪರ್ಬೋಲಿ ಬಂದದ್ದು

ಗೊಬ್ಬೂರಿನ ಆಚೆಗಿನ ಒಂದು ಹಳ್ಳಿಯ ಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ, ಅಲ್ಲಿನ ಶಾಲೆಗೆ ಹೈಪರ್ಬೋಲಿ ಬಂದ ದಿನಕ್ಕೆ ಒಂದು ಪ್ರತ್ಯೇಕ ಅಧ್ಯಾಯ ಮೀಸಲಿಡಬೇಕು. ನಿಜಾಮ ಸರಕಾರದ ಕಾಲದಲ್ಲಿ ಆ ಊರಿಗೆ ಪ್ಲೇಗು ಬಂದಿತ್ತು, ಮಿಡತೆ ಬಂದಿತ್ತು, ತಹಶೀಲ್ದಾರರೂ ಬಂದಿದ್ದರು; ಊರು ಇಷ್ಟು ಅಲ್ಲಾಡಿರಲಿಲ್ಲ.

ಅದನ್ನು ತಂದವರು ಇಂಗ್ಲಿಷ್ ಮಾಸ್ತರ ಸೈದಪ್ಪನವರು. ಅವರಿಗೆ ಬೇಕಾಗಿದ್ದದ್ದು ಆಳಂದಕ್ಕೆ ವರ್ಗ, ಅಷ್ಟೇ. ಈ ಊರಿನ ಸವಳು ನೀರಿನಲ್ಲಿ ಬೇಳೆ ಬೇಯುವುದಿಲ್ಲವೆಂದು ಹೆಂಡತಿ ಸುಭದ್ರಾಬಾಯಿ ಆಳಂದದ ತವರಿಗೆ ಹೋದವಳು ಮತ್ತೆ ಇತ್ತ ತಲೆ ಹಾಕಿರಲಿಲ್ಲ. ಅಂದಿನಿಂದ ಮಾಸ್ತರರು ನಿಂಬೆವ್ವನ ಖಾನಾವಳಿಯಲ್ಲಿ ಗುಳಿಗೆ ನುಂಗಿದಂತೆ ಬೇಳೆ ನುಂಗುತ್ತಿದ್ದರು. ಆ ದಿನ ಮಧ್ಯಾಹ್ನ ಇನ್‌ಸ್ಪೆಕ್ಟರ್ ಸಾಹೇಬರು ತಪಾಸಣೆಗೆ ಬರುವವರಿದ್ದರು. ಪಾಠ ಮೆಚ್ಚಿದರೆ ಕೇಳಿದ ಊರು ಕೊಡುತ್ತಾರೆಂಬ ಸುದ್ದಿಯಿತ್ತು.

ಅದಕ್ಕೇ ಮುಂಜಾನೆ ಮಾಸ್ತರರು ಹುಡುಗರಿಗೆ ಇಂಗ್ಲಿಷ್ ಅಲಂಕಾರಗಳನ್ನು ಅರೆದು ಕುಡಿಸುತ್ತಿದ್ದರು. "ಇದ್ದದ್ದನ್ನ ಗುಡ್ಡದಷ್ಟು ಮಾಡಿ ಹೇಳಿದ್ರ ಅದು ಹೈಪರ್ಬೋಲಿ." ಪುಸ್ತಕದಲ್ಲಿದ್ದ ಉದಾಹರಣೆ ಸಮುದ್ರದ್ದು, ಹುಡುಗರು ಕಂಡದ್ದು ಭೀಮಾ ಹೊಳೆ. ಹೀಗಾಗಿ ಮಾಸ್ತರರು ಊರಿನದೇ ಒಂದು ಕೊಟ್ಟರು: "ನಮ್ಮ ದೊಡ್ಡಪ್ಪಗೌಡ್ರ ಮೀಸಿ ಮ್ಯಾಲ ನಾಕ್ ಗಿಳಿ ಕೂತು ಸಂಸಾರ ಮಾಡ್ತಾವ."

ಸಣ್ಣ ಸೂಟಿಯ ಬಿಡುವಿನಲ್ಲಿ ಆ ವಾಕ್ಯ ಗೌಡರ ಕಟ್ಟೆ ಮುಟ್ಟಿತು. ಕರೆ ಬಂತು. ಮಾಸ್ತರರು ಬಲಿಯ ಕುರಿಯಂತೆ ಹೋಗಿ ನಿಂತರು.

"ಗಿಳಿ ಕೂಡ್ಸಿದವ್ರು ನೀವೇನ್ರಿ?"

"ತಪ್ಪಾತ್ರಿ ಗೌಡ್ರ."

"ನಾಕಽ ಯಾಕ್ರಿ? ಸಾಹೇಬ್ರ ಮುಂದ ಒಂದ್ ಹತ್ತಾದ್ರೂ ಕೂಡ್ಸ್ರಿ."

ಬದುಕಿದೆನೆಂದು ಹೊರಗೆ ಬಂದರೆ ಟಾಂಗಾದ ಯಾಕೂಬಸಾಬ ಅಡ್ಡಗಟ್ಟಿದ. "ಗೌಡ್ರಿಗಿ ಗಿಳಿ, ನನ್ನ ಕುದುರಿಗಿ ಏನೂ ಇಲ್ಲೇನ್ರಿ? ಅಫಜಲಪುರಕ್ಕ ಪುಕಟ ಒಯ್ದದ್ದು ಮರ್ತ್ರೇನು?"

"ನಿನ್ನ ಕುದುರಿ ಮುಂಜಾನಿ ಮುಟ್ಟಿದ್ರ ಅದರ ನೆರಳು ಸಂಜೀಕ ಮುಟ್ಟತದ. ಸಾಕೇನಪಾ?"

ಅಂಗಡಿ ಖಂಡಪ್ಪನಿಗೆ ಬೇರೆಯೇ ಆಸೆ. "ನನ್ನ ತಕ್ಕಡಿ ಸತ್ಯಹರಿಶ್ಚಂದ್ರ ಅಂತ ಹುಡುಗ್ರ ಕಡಿಂದ ಹೇಳಸ್ರಿ."

"ಅದು ಭಾಳ ದೊಡ್ಡ ಹೈಪರ್ಬೋಲಿ ಆಗ್ತದಲ್ರಿ."

"ಅದಕ್ಕಽ ಕೇಳಾಕತ್ತೇನ್ರಿ."

ಊಟಕ್ಕೆ ಕೂತರೆ ನಿಂಬೆವ್ವ ಸೌಟು ಎತ್ತಿ ಹಿಡಿದೇ ನಿಂತಳು. "ನನ್ನ ಬ್ಯಾಳಿ ಮ್ಯಾಲೂ ಒಂದು ಹಾಕ್ರಿ."

"ಬಾಯಾಗಿಟ್ರ ಬೆಣ್ಣಿಯಂಗ ಕರಗ್ತದ ಅಂತ ಹೇಳಸ್ತೇನವ್ವ."

"ಅದು ಖರೇನಽ ಅದಲ್ರಿ. ಸುಳ್ಳಿಂದು ಬ್ಯಾರೆ ಹೇಳ್ರಿ."

ಮಧ್ಯಾಹ್ನ ಶಾಲೆಯ ಕಿಟಕಿಗಳಲ್ಲಿ ಬೆಳಕು ಬರದಷ್ಟು ತಲೆಗಳು. ಸಾಹೇಬರು ಬೀದರಿನವರು, ಕನ್ನಡ ಬಲ್ಲವರು. ಹುಡುಗರು ಗಿಳಿ, ಕುದುರೆ, ತಕ್ಕಡಿ, ಬೇಳೆ ಎಲ್ಲವನ್ನೂ ಸರಾಗವಾಗಿ ಒಪ್ಪಿಸಿದರು. ಪ್ರತಿಯೊಂದಕ್ಕೂ ಒಂದೊಂದು ಕಿಟಕಿ ಕೆಮ್ಮಿ ಸಂತೋಷ ಸೂಚಿಸಿತು. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಶಾಬಾಶ್, ಮಾಸ್ತರ್. ಏನು ಬೇಕು ಕೇಳ್ರಿ."

"ಆಳಂದಕ್ಕ ವರ್ಗ ಮಾಡಿದ್ರ ಸಾಕ್ರಿ."

ಸಾಹೇಬರು ಲೇಖನಿ ತೆಗೆದರು. ತೆಗೆದವರು, ರಿವಾಜಿನಂತೆ, ಊರವರ ಕಡೆಗೂ ಒಮ್ಮೆ ತಿರುಗಿ, "ನಿಮ್ಮ ಮಾಸ್ತರ್ ಹ್ಯಾಂಗದಾರ?" ಎಂದರು.

ಉಪಕಾರ ತೀರಿಸಲು ಊರು ಕಾದು ನಿಂತಿತ್ತು.

"ಇಂಥಾವ್ರು ಹೈದ್ರಾಬಾದ್‌ನ್ಯಾಗೂ ಹುಟ್ಟಿಲ್ರಿ," ಎಂದರು ಗೌಡರು.

"ಇವ್ರು ಹ್ವಾದ್ರ ಊರಾನ ಕುದುರಿ ಹುಲ್ಲು ಮುಟ್ಟಂಗಿಲ್ರಿ," ಎಂದ ಯಾಕೂಬಸಾಬ.

"ಸೂರ್ಯ ಏಳೂದು ಇವ್ರ ಗಂಟಿ ಕೇಳೇ ರೀ," ಎಂದ ಖಂಡಪ್ಪ.

ನಿಂಬೆವ್ವ ಸೆರಗಿನಲ್ಲಿ ಮುಖ ಮುಚ್ಚಿ, ಹೆಣದ ಮುಂದೆ ಅತ್ತಂತೆ ಅತ್ತಳು.

ಲೇಖನಿ ಗಾಳಿಯಲ್ಲಿ ನಿಂತಿತು. "ಸಾಹೇಬ್ರ, ಇದೆಲ್ಲಾ ಹೈಪರ್ಬೋಲಿ ರೀ," ಎಂದು ಮಾಸ್ತರರು ಕೈ ಮುಗಿದರು.

"ಹೈಪರ್ಬೋಲಿ, ಸರ್," ಎಂದು ಇಡೀ ತರಗತಿ ಒಕ್ಕೊರಲಿನಿಂದ ಸಾಕ್ಷಿ ಹೇಳಿತು.

ಸಾಹೇಬರ ಕಣ್ಣುಗಳು ಒದ್ದೆಯಾದವು. "ಹುಡುಗ್ರಿಗಷ್ಟಽ ಅಲ್ಲ, ಇಡೀ ಊರಿಗೇ ಇಂಗ್ಲಿಷ್ ಅಲಂಕಾರ ಕಲಿಸೀರಿ. ಇಂಥಾ ಮಾಸ್ತರನ್ನ ಇಲ್ಲಿಂದ ಕಿತ್ತು ಒಯ್ದ್ರ ನಾನು ಪಾಪಕ್ಕ ಹೋಗ್ತೇನಿ," ಎಂದವರೇ, ಮಾಸ್ತರರು ಇಲ್ಲೇ ಇರತಕ್ಕದ್ದೆಂದು ಬರೆದು, ಸಹಿ ಮಾಡಿ, ಮೊಹರು ಒತ್ತಿದರು.

ಆಳಂದದ ಜಾಗಕ್ಕೆ, ಅದೇ ಶಾಲೆಯ, ಯಾರೂ ಎಂದೂ ಹೊಗಳದ ಡ್ರಿಲ್ ಮಾಸ್ತರ ಧರ್ಮಣ್ಣನವರಿಗೆ ವರ್ಗವಾಯಿತು.