ತುಳಸಿ ಕುಂಡದ ಬುಡಕ್ಕೆ ಬಂದ ರಕೂನು

ಹೆದರಲು ನನಗೆ ದೊಡ್ಡ ಕಾರಣ ಬೇಕಿಲ್ಲ. ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದೇ ನನ್ನ ಕೆಲಸ; ಆಫೀಸು ಮುಗಿದರೂ ಆ ಬುದ್ಧಿ ಬಿಡುವುದಿಲ್ಲ. ಭೂಕಂಪ, ಕಾಡ್ಗಿಚ್ಚಿನ ಹೊಗೆ, ಡೇಕೇರಿನಿಂದ ಮಗಳು ಹೊತ್ತು ತರುವ ಜ್ವರ, ಒಂದು ಹೋದರೆ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ. ಉಡುಪಿಯಿಂದ ಅತ್ತೆ ಬಂದ ಮೇಲೆ ಆ ಸಾಲಿಗೆ ರಕೂನೂ ಸೇರಿಕೊಂಡಿತು.

ಕಾಗೆಗೆ ಇಟ್ಟ ಎಡೆ

ಅಂದು ಮಾವನವರ ತಿಥಿ. ಅಮೆರಿಕದ ಸನ್ನಿವೇಲ್‌ನ ನಮ್ಮ ಮನೆಯ ಹಿತ್ತಲಲ್ಲಿ ಅತ್ತೆ ಬಾಳೆಲೆಯ ಮೇಲೆ ಅನ್ನ, ವಡೆ, ಪಾಯಸ ಇಟ್ಟು ಕಾಗೆಗೆ ಕಾದು ಕುಳಿತರು. ಈ ಊರಲ್ಲಿ ಕಾಗೆಗಳಿಗೇನೂ ಕೊರತೆಯಿಲ್ಲ. ಆದರೆ ಅವಕ್ಕೆ ಪಾರ್ಕಿಂಗ್ ಲಾಟಿನಲ್ಲಿ ಬಿದ್ದ ಫ್ರೆಂಚ್ ಫ್ರೈಸಿನ ರುಚಿ ಹತ್ತಿದೆ. ಒಂದು ಬಂದು ಬೇಲಿಯ ಮೇಲೆ ಕೂತು, ಎಲೆಯನ್ನು ನೋಡಿ, ಹಾರಿಹೋಯಿತು. ಅತ್ತೆಯ ಮುಖ ಸಣ್ಣಗಾಯಿತು.

ಸಂಜೆಯಾಗುತ್ತಿದ್ದಂತೆ ಬೇಲಿ ಇಳಿದು ರಕೂನು ಬಂತು. ಬೆಕ್ಕಿಗಿಂತ ದಪ್ಪ ಮೈ, ಕಣ್ಣಿನ ಸುತ್ತ ಕಪ್ಪು ಪಟ್ಟಿ, ಉಂಗುರ ಉಂಗುರದ ಬಾಲ. ಹಕ್ಕಿಗಳಿಗೆ ಇಟ್ಟ ನೀರಿನಲ್ಲಿ ಎರಡೂ ಕೈ ಅದ್ದಿ, ಎಲೆಯ ಮುಂದೆ ಕೂತು, ಮೊದಲು ವಡೆಗೇ ಕೈ ಹಾಕಿತು. ನಾನು ಓಡಿಸಲು ಪೊರಕೆ ಎತ್ತಿಕೊಂಡರೆ ಅತ್ತೆ ನನ್ನ ಕೈ ಹಿಡಿದರು.

“ಸುಮ್ಮನಿರು ಮಾರಾಯ್ತಿ. ಅವರೇ ಬಂದದ್ದು. ಬದುಕಿದ್ದಾಗಲೂ ಊಟಕ್ಕೆ ಹೊತ್ತಿಗೆ ಸರಿಯಾಗಿ ಬಂದವರಲ್ಲ.”

ಮಾರನೆಯ ದಿನದಿಂದ ಪ್ರತಿ ಸಂಜೆ ಹಿತ್ತಲಲ್ಲಿ ಮಾವನವರಿಗೆ ಊಟ.

ಶಿಸ್ತಿನ ಪ್ರಾಣಿ

ಉಂಡವರು ಸುಮ್ಮನೆ ಹೋಗುತ್ತಾರೆಯೇ? ಕೆಲವು ವಾರಗಳ ನಂತರ, ಅತ್ತೆ ಪೂಜೆ ಮಾಡುವ ತುಳಸಿ ಕುಂಡದ ಬುಡದಲ್ಲಿ ನಾಯಿಯದರಂತಹ ಹಿಕ್ಕೆ ಗುಡ್ಡೆಯಾಗಿ ಬಿದ್ದಿತ್ತು. ಪಕ್ಕದ ಮನೆಯಾಕೆ ನಿವೃತ್ತ ಪಶುವೈದ್ಯೆ. ಬೇಲಿಯ ಮೇಲಿಂದ ಬಗ್ಗಿ ನೋಡಿದವರೇ, ಮಗುವನ್ನು ಒಳಗೆ ಕರೆದುಕೊಂಡು ಹೋಗು ಎಂದರು.

ಅವರು ಹೇಳಿದ್ದು ಇಷ್ಟು. ರಕೂನಿನ ಕರುಳಲ್ಲಿ ಒಂದು ದುಂಡುಹುಳ ಇರುತ್ತದೆ. ರಕೂನಿಗೆ ಅದರಿಂದ ತೊಂದರೆಯಿಲ್ಲ. ಹಿಕ್ಕೆಯಲ್ಲಿ ಬರುವ ಮೊಟ್ಟೆಗಳು ಕಣ್ಣಿಗೆ ಕಾಣುವುದಿಲ್ಲ; ಕೆಲವು ವಾರ ಮಣ್ಣಲ್ಲಿ ಮಾಗಿ, ಮನುಷ್ಯರ ಹೊಟ್ಟೆ ಸೇರಿದರೆ ಮರಿಹುಳ ಕಣ್ಣಿಗೋ ಮೆದುಳಿಗೋ ಹೊರಟುಬಿಡಬಹುದು. ಹಾಗಾಗುವುದು ಬಹಳ ಅಪರೂಪ. ಆದರೆ ಒಮ್ಮೆ ಆಯಿತೆಂದರೆ ಕಷ್ಟ. ಮಣ್ಣು ಬಾಯಿಗೆ ಹಾಕುವ ಪುಟ್ಟ ಮಕ್ಕಳಿಗೇ ಅಪಾಯ ಹೆಚ್ಚು.

‘ಅಪರೂಪ’ ಎನ್ನುವ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ. ಎರಡು ವರ್ಷದ ಮಗಳನ್ನು ಎತ್ತಿಕೊಂಡು ಒಳಗೆ ಓಡಿ, ಅವಳ ಕೈ ತೊಳೆದೆ, ಮತ್ತೆ ತೊಳೆದೆ. “ಮಮ್ಮಾ, ಆಲ್ರೆಡಿ ಕ್ಲೀನ್,” ಎಂದಳು. ನಾನು ಮತ್ತೊಮ್ಮೆ ತೊಳೆದೆ.

ರಕೂನುಗಳು ಒಂದೇ ಜಾಗವನ್ನು ಕಕ್ಕಸು ಮಾಡಿಕೊಂಡು ದಿನವೂ ಅಲ್ಲಿಗೇ ಬರುತ್ತವಂತೆ ಎಂದು ಅತ್ತೆಗೆ ಹೇಳಿದೆ, ಹೆದರಲಿ ಎಂದು. ಅವರು ಮೆಚ್ಚುಗೆಯಿಂದ ತಲೆಯಾಡಿಸಿದರು.

“ದಿನಾ ಒಂದೇ ಜಾಗಕ್ಕೆ ಉಂಟಲ್ಲ? ನಿನ್ನ ಗಂಡನಿಗೆ ಅಷ್ಟು ಕಲಿಸಲಿಕ್ಕೆ ನನಗೆ ಎಷ್ಟು ವರ್ಷ ಹಿಡಿಯಿತು ಗೊತ್ತುಂಟಾ?”

ಕುದಿನೀರಿನ ಹಬ್ಬ

ಆ ಮೊಟ್ಟೆಗಳು ಬ್ಲೀಚಿಗೂ ಜಗ್ಗುವುದಿಲ್ಲ, ಕುದಿಯುವ ನೀರೇ ಆಗಬೇಕು ಎಂದಿದ್ದರು ಪಶುವೈದ್ಯೆ. ಶನಿವಾರ ಬೆಳಿಗ್ಗೆ ಗಂಡ ಮಳೆಕೋಟು, ಮಾಸ್ಕು, ಮೊಣಕೈವರೆಗಿನ ಗ್ಲೌಸು ತೊಟ್ಟು ಹಿತ್ತಲಿಗಿಳಿದ. ಹಿಕ್ಕೆಯನ್ನು ಬಾಚಿ ಚೀಲಕ್ಕೆ ತುಂಬಿ ಕಟ್ಟಿದ. ನಾನು ದೊಡ್ಡ ಪಾತ್ರೆಗಳಲ್ಲಿ ನೀರು ಕುದಿಸಿ ತಂದು ಸುರಿದೆ. ಮಡಿಯುಟ್ಟ ಅತ್ತೆ ದೂರದಲ್ಲಿ ನಿಂತು, ಪಾಪಪರಿಹಾರಕ್ಕೆಂದು ಸ್ತೋತ್ರ ಹೇಳುತ್ತಿದ್ದರು. ಹಿತ್ತಲೆಲ್ಲ ಹಬೆ.

ಹಿಂದಿನ ಮನೆಯಾತ ಬೇಲಿಯ ಮೇಲೆ ತಲೆ ಎತ್ತಿ, ಇದು ನಿಮ್ಮ ಹಬ್ಬವೇ ಎಂದು ಕೇಳಿದ. ನಿಜ ಹೇಳಿದರೆ ಮನೆಯ ಮಾನ ಹೋಗುತ್ತದೆ. ಗಂಡ ಮಾಸ್ಕಿನೊಳಗಿಂದಲೇ ‘ಯೆಸ್’ ಎಂದುಬಿಟ್ಟ.

ಮಧ್ಯಾಹ್ನ ಆತ ಮನೆಯಲ್ಲೇ ಬೇಯಿಸಿದ ಕೇಕು ತಂದು, ಕೈ ಮುಗಿದು ಹಬ್ಬದ ಶುಭಾಶಯ ಹೇಳಿ, ಮುಂದಿನ ವರ್ಷ ತನ್ನ ಮಕ್ಕಳೂ ಭಾಗವಹಿಸಬಹುದೇ ಎಂದು ವಿಚಾರಿಸಿದ.

ಚಿಟಿಕೆ ಮಣ್ಣು

ಅಂದು ಸಂಜೆ ಅತ್ತೆಗೆ ಮತ್ತೆ ಹೇಳಿದೆ. “ಇನ್ನು ಹೊರಗೆ ಅನ್ನ ಇಡಬೇಡಿ ಅತ್ತೆ. ಪುಟ್ಟಿ ಅಪ್ಪಿತಪ್ಪಿಯೂ ಮಣ್ಣು ಮುಟ್ಟಬಾರದು.”

“ಮುಟ್ಟುವುದು ಎಂತದ್ದು? ದಿನಾ ಪೂಜೆ ಆದ ಮೇಲೆ ನಾನೇ ಅವಳ ನಾಲಿಗೆಗೆ ತುಳಸಿ ಮೃತ್ತಿಕೆ ಹಚ್ಚುತ್ತೇನಲ್ಲ. ಒಂದು ಚಿಟಿಕೆ ಅಷ್ಟೇ.”

ತುಳಸಿಯ ಬುಡದ ಮಣ್ಣನ್ನು ಹಣೆಗೂ ನಾಲಿಗೆಗೂ ಹಚ್ಚುವುದು ಅವರ ಮನೆಯ ಪದ್ಧತಿ. ನನಗೆ ಗೊತ್ತಿತ್ತು, ನೆನಪಾಗಿರಲಿಲ್ಲ. ಮಗುವನ್ನು ಕಾರ್ ಸೀಟಿಗೆ ಕಟ್ಟಿ, ಗಂಡನನ್ನೂ ಅತ್ತೆಯನ್ನೂ ಕೂರಿಸಿಕೊಂಡು, ಮಿಲ್ಪಿಟಾಸ್‌ನಲ್ಲಿ ಶನಿವಾರವೂ ತೆರೆದಿರುವ ಕ್ಲಿನಿಕ್ಕಿಗೆ ಹೊರಟೆವು. ಫ್ರೀವೇ ಉದ್ದಕ್ಕೂ ಕನ್ನಡಿಯಲ್ಲಿ ಮಗಳ ಕಣ್ಣನ್ನೇ ನೋಡುತ್ತಿದ್ದೆ. ಅವಳು ಕಣ್ಣುಜ್ಜಿದರೆ ನನಗೆ ಜೀವ ಹೋದಂತಾಗುತ್ತಿತ್ತು. ಅತ್ತೆ ಏನೋ ಹೇಳಲು ಬಾಯಿ ತೆರೆದಾಗಲೆಲ್ಲ, “ಪ್ಲೀಸ್ ಅತ್ತೆ, ಈಗ ಏನೂ ಮಾತಾಡಬೇಡಿ,” ಎನ್ನುತ್ತಿದ್ದೆ.

ಮಕ್ಕಳ ಡಾಕ್ಟರು ಮಂಗಳೂರಿನವರು. ನನ್ನ ಅಳುವನ್ನೆಲ್ಲ ಕೇಳಿಸಿಕೊಂಡು, ಅತ್ತೆಯ ಕಡೆ ತಿರುಗಿ ಕೇಳಿದರು. “ಅಮ್ಮ, ಆ ಕುಂಡದ ಮಣ್ಣನ್ನು ಎಷ್ಟು ದಿನದಿಂದ ಕೊಡ್ತಿದ್ದೀರಿ?”

“ಕುಂಡದ ಮಣ್ಣಾ?” ಅತ್ತೆಗೆ ಸಿಟ್ಟೇ ಬಂತು. ಚೀಲದಿಂದ ಪುಟ್ಟ ಬೆಳ್ಳಿ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. “ಇದು ನಮ್ಮ ಮನೆ ತುಳಸಿಕಟ್ಟೆಯದ್ದು, ಉಡುಪಿಯಿಂದ ತಂದದ್ದು. ಈ ಊರಿನ ಮಣ್ಣನ್ನು ಮಗುವಿನ ಬಾಯಿಗೆ ಹಾಕುವಷ್ಟು ಬುದ್ಧಿ ಇಲ್ಲದವಳಾ ನಾನು? ದಾರಿಯುದ್ದ ಅದನ್ನೇ ಹೇಳಲಿಕ್ಕೆ ಹೊರಟದ್ದು, ಇವಳು ಬಿಡಬೇಕಲ್ಲ.”

ನಾನು ಮಗಳ ತಲೆಗೆ ಮುಖವಿಟ್ಟು ಅಳುತ್ತಲೇ ನಕ್ಕೆ. ಗಂಡ ಗೋಡೆಗೊರಗಿ ನಿಂತ. ಡಾಕ್ಟರು ಮಾತ್ರ ಡಬ್ಬಿಯನ್ನೇ ನೋಡುತ್ತಿದ್ದರು.

“ಅಮ್ಮ, ನಿಮ್ಮ ಕಟ್ಟೆಯ ಹತ್ತಿರ ನಾಯಿ, ಬೆಕ್ಕು ಬರ್ತವಾ?”

“ಬರದೆ? ನಾಯಿ, ಬೆಕ್ಕು, ದನ, ಪಕ್ಕದವರ ಕೋಳಿ, ಎಲ್ಲ ಉಂಟು. ದೊಡ್ಡ ಹಿತ್ತಲು ಡಾಕ್ಟ್ರೇ,” ಎಂದರು ಅತ್ತೆ, ಹೆಮ್ಮೆಯಿಂದ.

ಡಾಕ್ಟರು ಕಂಪ್ಯೂಟರಿನ ಕಡೆ ತಿರುಗಿದರು. ರಕೂನಿನ ಚಿಂತೆ ಬಿಡಿ, ಮಗು ಚೆನ್ನಾಗಿದ್ದಾಳೆ, ಆದರೂ ಊರಿನ ಹುಳಕ್ಕೆ ಒಂದು ಔಷಧಿ ಇರಲಿ ಎಂದರು. ಮಗುವಿಗೆ ಮಾತ್ರವಲ್ಲ, ಮೃತ್ತಿಕೆ ತಿಂದ ಅಜ್ಜಿಗೂ.

ಮನೆಗೆ ಬಂದು ಅತ್ತೆಯ ಕೈಗೆ ಮಾತ್ರೆಯನ್ನೂ ನೀರನ್ನೂ ಕೊಟ್ಟೆ. ಅವರು ಮಾತ್ರೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಡಬ್ಬಿ ತೆರೆದು, ಮಾತ್ರೆ ಚೆನ್ನಾಗಿ ಕೆಲಸ ಮಾಡಲಿ ಎಂದು ಮೊದಲು ಒಂದು ಚಿಟಿಕೆ ಮೃತ್ತಿಕೆಯನ್ನು ನಾಲಿಗೆಗೆ ಹಚ್ಚಿಕೊಂಡರು.