ಮಾದಪ್ಪನಿಗೆ ಹೇಳಿಕೊಂಡ ದವಡೆ ಗಂಟು

ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತವರು ಮಾತಾಡಲಾರರು ಎಂದು ಜನ ನಂಬಿದ್ದಾರೆ. ಕೊಳ್ಳೇಗಾಲದ ನನ್ನ ಕ್ಲಿನಿಕ್ಕಿನಲ್ಲಿ ಅರ್ಧ ಗಂಟೆ ಕೂತಿದ್ದರೆ ಆ ನಂಬಿಕೆ ಬಿಟ್ಟುಹೋಗುತ್ತಿತ್ತು. ನಮ್ಮ ಕಡೆಯವರು ಬಾಯಿಗೆ ಹತ್ತಿ ತುರುಕಿದ್ದರೂ ಮಾತಾಡುತ್ತಾರೆ, ಮತ್ತು ಕೊನೆಯ ಮಾತು ಅವರದೇ.

ಇದು ತೊಂಬತ್ತರ ದಶಕದ ಕೊನೆಗೆ ನಡೆದದ್ದು. ಕೆಟ್ಟ ಹಲ್ಲಿನ ಬೇರಿನಡಿ, ದವಡೆಯೊಳಗೆ, ಕೆಲವರಿಗೆ ನೀರು ತುಂಬಿದ ಚೀಲವೊಂದು ಬೆಳೆಯುತ್ತದೆ. ನಾವು ಸಿಸ್ಟ್ ಅನ್ನುತ್ತೇವೆ, ಊರವರು ಗಂಟು ಅನ್ನುತ್ತಾರೆ. ಅದು ಸದ್ದಿಲ್ಲದೆ ಸುತ್ತಲಿನ ಮೂಳೆಯನ್ನು ತಿಂದುಹಾಕುತ್ತದೆ. ಚೀಲದ ಜೀವಕೋಶಗಳು ಪ್ರೋಟೀನುಗಳ ಮೂಲಕ ಒಂದಕ್ಕೊಂದು ಸುದ್ದಿ ಕಳಿಸಿ ಈ ಕೆಲಸ ಮಾಡಿಸುತ್ತವಂತೆ. ಆ ಸುದ್ದಿ ಏನೆಂದು ಹುಡುಕುತ್ತಿದ್ದವರು ಮೈಸೂರಿನ ಕಾಲೇಜೊಂದರ ಮೇಡಂ. ನಾವೆಲ್ಲ ಕಿತ್ತು ಬಿಸಾಡುವುದನ್ನು ಅವರು ಐಸಿನಲ್ಲಿ ತರಿಸಿಕೊಳ್ಳುತ್ತಿದ್ದರು. ಅವರ ಮೇಲೆ ನನಗಿದ್ದ ಅಭಿಮಾನ ಅಷ್ಟಿಷ್ಟಲ್ಲ.

ಬೆಣ್ಣೆ

ಮೊದಲ ಗಂಟು ಮಾಂಬಳ್ಳಿಯ ಹೆಂಗಸಿನದು. ಚಿಕ್ಕ ಬಾಟಲಿಯಲ್ಲಿ ಹಾಕಿ, ಐಸ್‌ಕ್ಯಾಂಡಿ ಅಂಗಡಿಯ ಐಸು ತುಂಬಿದ ಫ್ಲಾಸ್ಕಿನಲ್ಲಿಟ್ಟು, ಆಕೆಯ ಅಣ್ಣನ ಕೈಯಲ್ಲೇ ಮೈಸೂರು ಬಸ್ಸಿಗೆ ಕಳಿಸಿದೆ. ಮಧ್ಯಾಹ್ನ ಮೇಡಂ ಫೋನು: "ಡಾಕ್ಟ್ರೇ, ಫ್ಲಾಸ್ಕಲ್ಲಿ ಬೆಣ್ಣೆ ಇದೆಯಲ್ಲ?"

ಮರುದಿನ ಅಣ್ಣನನ್ನು ವಿಚಾರಿಸಿದೆ. ದೊಡ್ಡವರನ್ನು ನೋಡಲು ಬರಿಗೈಲಿ ಹೋಗಬಾರದೆಂದು ಮನೆಯ ಬೆಣ್ಣೆ ತಂದಿದ್ದನಂತೆ. ಜಾಗ ಸಾಲದೆ ಬಾಟಲಿಯನ್ನು ಅಂಗಿ ಜೇಬಿಗೆ ಸೇರಿಸಿ, ಬೆಣ್ಣೆಯನ್ನು ಐಸಿಗೆ ಇಳಿಸಿದ್ದ. ಬಿಸಿಲಲ್ಲಿ ಮೈಸೂರು ಸೇರುವಷ್ಟರಲ್ಲಿ ಗಂಟು ಪರೀಕ್ಷೆಗೆ ಬಾರದಂತೆ ಕೆಟ್ಟಿತ್ತು.

"ಏನಪ್ಪಾ ಹಿಂಗೆ ಮಾಡಿದೆ?" ಎಂದೆ.

"ಅಲ್ಲಾ ಸಾ, ಬೆಣ್ಣೆ ಆದ್ರೆ ಕರಗೋಯ್ತದೆ. ಗಂಟು ಏನ್ ಕರಗ್ತದಾ?"

ಮೇಡಂ ಬೈಯಲಿಲ್ಲ. ಪಾತ್ರೆ ಖಾಲಿ ಹಿಂದಿರುಗಿಸಬಾರದೆಂದು ಫ್ಲಾಸ್ಕಿನ ತುಂಬ ಸಕ್ಕರೆ ಹಾಕಿ ಕಳಿಸಿದ್ದರು!

ಕಟಾವು ಚೀಟಿ

ಎರಡನೆಯವನು ಕುಂತೂರಿನ ಕಬ್ಬಿನ ರೈತ. ಮೂಳೆ ಹೇಗೆ ಕರಗುತ್ತದೆ ಎಂದು ಅವನಿಗೆ ತಿಳಿಸಲೇಬೇಕಿತ್ತು. "ನೋಡಪ್ಪಾ, ಈ ಚೀಲದಿಂದ ಒಂದು ಸುದ್ದಿ ಹೋಗುತ್ತೆ. ಅದು ಮುಟ್ಟಿದ ಕೂಡಲೇ ಮೂಳೆ ಕಡಿಯೋ ಜೀವಕೋಶಗಳು ಬಂದು ಕೆಲಸ ಶುರು ಮಾಡ್ತವೆ" ಎಂದೆ.

"ಸಕ್ರೆ ಫ್ಯಾಕ್ಟ್ರಿಯಿಂದ ಕಟಾವು ಚೀಟಿ ಬಂದೇಟ್ಗೆ ಆಳ್ಗಳು ಗದ್ದೆಗಿಳ್ದಂಗೆ?"

"ಅದೇ, ಅದೇ!" ನನಗೆ ಖುಷಿಯಾಯಿತು. ಅವನ ಮುಖ ಮಾತ್ರ ಬಾಡಿತು.

"ಏನ್ ಅನ್ಯಾಯ ಸಾ! ಗದ್ದೇಲಿ ಕಬ್ಬು ಒಣಗ್ತಾ ನಿಂತದೆ, ಕಾಲಿಗ್ ಬಿದ್ರೂ ಚೀಟಿ ಕೊಡ್ತಿಲ್ಲ. ಬಾಯೊಳ್ಗೆ ಕೇಳ್ದೇನೇ ಕೊಟ್ಟವ್ರಲ್ಲ!"

ಹರಕೆ

ಅವನ ಗಂಟು ಕೆಡದೆ ಮೈಸೂರು ತಲುಪಿತು. ಆದರೆ ಇಡಿಯಾಗಿ ಬಿಡಿಸಿದ ದೊಡ್ಡದೊಂದು ಸಿಗದೆ ಮೇಡಂ ಅಧ್ಯಯನ ಮುಗಿಯುವಂತಿರಲಿಲ್ಲ. ವರ್ಷಗಟ್ಟಲೆ ಮಾಡಿದ ಕೆಲಸ ಅಲ್ಲೇ ನಿಂತಿತ್ತು. ಆಗ ಹನೂರು ಕಡೆಯ ಅಜ್ಜಿಯೊಬ್ಬಳು ಕೆನ್ನೆ ಊದಿಸಿಕೊಂಡು ಬಂದಳು. ಬೆಣ್ಣೆಯ ಸಹವಾಸವೇ ಬೇಡವೆಂದು ಮೇಡಂ ತಾವೇ ಐಸಿನ ಡಬ್ಬ ಹಿಡಿದು ಬಂದರು.

ಗಂಟು ಇಡಿಯಾಗಿ ಬಂತು. ದವಡೆಯೂ ಉಳಿಯಿತು. ಅಜ್ಜಿ ಬಾಯಿಂದ ಹತ್ತಿ ಉಗಿದು ಕೈ ಚಾಚಿದಳು. "ಎಲ್ಲಿ, ತತ್ತಾ. ದವ್ಡೆ ಉಳ್ಸಪ್ಪಾ ಮಾದಪ್ಪಾ, ಒಳ್ಗಿರೋದ್ನ ನಿನ್ ಪಾದಕ್ಕೇ ತಂದಾಕ್ತೀನಿ ಅಂತ ಅರ್ಕೆ ಒತ್ತೀವ್ನಿ."

"ಬೇರೆ ಏನಾದರೂ ಚೂರು ಕೊಟ್ಟುಬಿಡೋಣ, ಅಜ್ಜಿಗೇನು ಗೊತ್ತಾಗುತ್ತೆ?" ಎಂದು ಮೇಡಂ ಕಿವಿಯಲ್ಲಿ ಉಸುರಿದೆ.

"ಸುಳ್ಳು ಹೇಳಿ ತಗೊಳ್ಳೋದಾದರೆ ನನಗೆ ಬೇಡ" ಎಂದ ಮೇಡಂ ಅಜ್ಜಿಯ ಕಾಲ ಬಳಿ ನೆಲದ ಮೇಲೆ ಕೂತರು. "ಅಜ್ಜೀ, ಇದು ಮೂಳೆ ತಿನ್ನೋಕೆ ಏನು ಸುದ್ದಿ ಕಳಿಸುತ್ತೆ ಅಂತ ಗೊತ್ತಾದರೆ, ಮುಂದೆ ಯಾರದೋ ದವಡೆ ಉಳಿಯಬಹುದು. ನೀವು ಕೊಟ್ಟರೆ ಉಂಟು, ಇಲ್ಲದಿದ್ದರೆ ಮಾದಪ್ಪನಿಗೇ ಸೇರಲಿ." ಡಬ್ಬದಲ್ಲಿ ಐಸು ಕರಗುತ್ತಿತ್ತು.

ಅಜ್ಜಿ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡಳು. "ತಕಂಡೋಗವ್ವಾ. ಆದ್ರೆ ಅರ್ಕೆ ಈಗ ನಿನ್ ತಲೆ ಮ್ಯಾಲೆ. ನಿನ್ ಕೆಲ್ಸ ಆದ್ಮ್ಯಾಲೆ ಬೆಟ್ಟಕ್ ಬಂದು ಮುಡಿ ಕೊಡ್ಬೇಕು."

ಅಧ್ಯಯನ ಮುಗಿದ ವಾರವೇ ಮೇಡಂ ಹೇಳಿ ಕಳಿಸಿದರು. ಮೂವರೂ ಮಾದಪ್ಪನ ಮಹದೇಶ್ವರ ಬೆಟ್ಟ ಹತ್ತಿದೆವು. ಮುಡಿ ತೆಗೆಯುವವನು ಹೆಂಗಸರಿಗೆ ಮಾಡುವಂತೆ ಮೇಡಂ ಜಡೆಯ ತುದಿಗೆ ಮೂರು ಸಲ ಕತ್ತರಿ ಆಡಿಸಿ ಅದನ್ನು ಕೆಳಗಿಟ್ಟ.

"ಅಷ್ಟೇಯಾ?" ಅಜ್ಜಿ ಗದರಿದಳು. "ನನ್ ಬಾಯಿಂದ ತಕಂಡದ್ದು ನಿಂಬೆಣ್ಣು ಗಾತ್ರ. ಅಷ್ಟ್ ಕೊಡವ್ವಾ!"

ಸೊಂಟ ದಾಟುವ ಜಡೆ ಅವರದು. ಪ್ರೋಟೀನನ್ನು ಹನಿಹನಿಯಾಗಿ ಅಳೆಯುವ ಹೆಣ್ಣುಮಗಳು ಮತ್ತೆ ತಲೆ ಬಗ್ಗಿಸಿದರು. ಕೂದಲು ಉಂಡೆ ಮಾಡಿದರೆ ನಿಂಬೆಹಣ್ಣಿನಷ್ಟಾಗುವವರೆಗೂ ಕತ್ತರಿ ಆಡಿತು. ಅಂಥ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಆದರೂ ನನಗೆ ನಗು ತಡೆಯಲಾಗಲಿಲ್ಲ. ಅಜ್ಜಿ ಗಕ್ಕನೆ ನನ್ನ ಕಡೆ ತಿರುಗಿದಳು.

"ನೀನ್ಯಾಕ್ ನಗಾಡೀಯೆ ಡಾಕುಟ್ರಪ್ಪಾ? ಕುಯ್ದೋನು ನೀನು, ನಿಂದೂ ಪಾಲದೆ. ಬಾ, ಕೂತ್ಕೋ."

ಕೂತೆ. ಅಜ್ಜಿ ನನ್ನ ತಲೆಯನ್ನು ಸುತ್ತಲಿಂದ ಒಮ್ಮೆ ನೋಡಿದಳು.

"ಬ್ಯಾಡ, ಏಳು. ನಿನ್ ಪಾಲ್ನ ಮಾದಪ್ಪ ಮುಂಚೇನೇ ತಕಂಡ್ಬುಟ್ಟವ್ನೆ."