ಅಣ್ಣನ ಎದುರು ಸೈಕಲ್ ಹತ್ತದ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನಷ್ಟು ಸೈಕಲ್ ತಳ್ಳಿದ ಮನುಷ್ಯ ಇಡೀ ಕೇರಳದಲ್ಲಿ ಇನ್ನೊಬ್ಬ ಇರಲಾರ! ತಳ್ಳಿದ ಎಂದೆ, ತುಳಿದ ಎನ್ನಲಿಲ್ಲ, ಗಮನಿಸಿ. ತುಳಿಯಲು ಬಾರದವರೇನಲ್ಲ. ಕೊಚ್ಚಿ ಬಳಿಯ ತ್ರಿಪ್ಪುಣಿತ್ತುರದ ನಮ್ಮ ಮನೆಯಿಂದ ಪಾಲಾರಿವಟ್ಟಂನ ಬ್ಯಾಂಕಿಗೆ, ಬಸ್ಸುಗಳ ಸಂದಿಯಲ್ಲಿ ನುಸುಳಿಕೊಂಡು ದಿನವೂ ಹೋಗಿಬರುತ್ತಿದ್ದರು. ಆದರೆ ಆ ದೃಶ್ಯವನ್ನು ಒಮ್ಮೆಯೂ ಕಾಣದವರು ಒಬ್ಬರಿದ್ದರು. ಅವರು ನನ್ನ ಅಪ್ಪ, ಚಿಕ್ಕಪ್ಪನ ಸ್ವಂತ ಅಣ್ಣ.

ಮೈಸೂರಿನ ಅವರ ಮನೆಯಲ್ಲಿ ಹಿರಿಯರ ಎದುರು ಕಿರಿಯರು ಸೈಕಲ್ ಹತ್ತುವಂತಿರಲಿಲ್ಲವಂತೆ. ದೊಡ್ಡವರು ಕಂಡೊಡನೆ ಇಳಿದು ತಳ್ಳಿಕೊಂಡು ನಡೆಯಬೇಕು. ತೊಂಬತ್ತರ ದಶಕದ ಮೊದಲಲ್ಲಿ ಅಪ್ಪನಿಗೆ ಅಂಬಲಮುಗಳ್‌ನ ಎಣ್ಣೆ ಕಾರ್ಖಾನೆಯಲ್ಲಿ ಕೆಲಸ. ಮದುವೆಯಾಗದ ಚಿಕ್ಕಪ್ಪನಿಗೆ ಕೊಚ್ಚಿಗೆ ವರ್ಗ. ಪಾತ್ರೆಪಗಡಗಳ ಜೊತೆ ಆ ಪದ್ಧತಿಯೂ ರೈಲು ಹತ್ತಿ ಬಂದಿತ್ತು!

ಬೆಳಿಗ್ಗೆ ಇಬ್ಬರೂ ಒಟ್ಟಿಗೇ ಹೊರಡುತ್ತಿದ್ದರು. ಕಂಪನಿ ಬಸ್ಸು ಬರುವ ತನಕ ಅಪ್ಪನ ಪಕ್ಕದಲ್ಲಿ ಚಿಕ್ಕಪ್ಪ, ಚಿಕ್ಕಪ್ಪನ ಪಕ್ಕದಲ್ಲಿ ಟಿಕ್ ಟಿಕ್ ಎನ್ನುವ ಸೈಕಲ್.

"ಹತ್ತೋ ಮಾರಾಯ, ಲೇಟಾಗುತ್ತೆ ನಿಂಗೆ."

"ಪರವಾಗಿಲ್ಲ ಅಣ್ಣ."

"ನಿಜ ಹೇಳು, ನಿಂಗೆ ಸೈಕಲ್ ಹೊಡಿಯಕ್ಕೆ ಬರುತ್ತೋ ಇಲ್ವೋ?"

"ಬರುತ್ತಣ್ಣ."

"ನಾನು ಹೆಂಗೆ ನಂಬ್ಲಿ?"

ಈ ಮೆರವಣಿಗೆಯನ್ನು ದಿನವೂ ನೋಡಿ ಮರುಕಗೊಂಡ ಸೈಕಲ್ ಶಾಪಿನವನು ಒಮ್ಮೆ ಪಂಪು ಹಿಡಿದು ಓಡಿಬಂದ. "ಪಂಚರಾಣೋ ಸಾರೇ?" ಚಿಕ್ಕಪ್ಪ ಅಪ್ಪನತ್ತ ಕೈ ತೋರಿಸಿ, ಇವರು ನನ್ನ ಚೇಟ್ಟನ್ ಎಂದರು. ಅಣ್ಣ ಎಂಬುದೇ ಅವರ ಪೂರ್ತಿ ವಿವರಣೆ! ಪಾಪ, ಅವನಿಗೇನು ಗೊತ್ತು ಮೈಸೂರಿನ ಮರ್ಯಾದೆ? ಅಪ್ಪನ ಹೊಟ್ಟೆಯನ್ನು ನೋಡಿದ, ಟೈರನ್ನು ನೋಡಿದ, ತಪ್ಪಿತಸ್ಥರು ಯಾರೆಂದು ತೀರ್ಮಾನಿಸಿ ಪಂಪನ್ನು ಅಪ್ಪನ ಕೈಗೇ ಕೊಟ್ಟ.

ಅಪ್ಪನಿಗೂ ಹಟ ಬಂತು. ಒಂದು ದಿನ ಮುಂದಿನ ಸ್ಟಾಪಿನಲ್ಲೇ ಬಸ್ಸಿಳಿದು, ಚಾಯ್ ಅಂಗಡಿಯ ಬಾಳೆಗೊನೆಗಳ ಹಿಂದೆ ಅಡಗಿ ನಿಂತರು. ಚಿಕ್ಕಪ್ಪ ಬಂದರು. ಗೊನೆಗಳ ನಡುವೆ ಅಣ್ಣನ ಕೊಡೆಯ ಹಿಡಿ ದೂರದಿಂದಲೇ ಕಂಡಿತ್ತು. ಇಳಿದು, ಸೈಕಲ್ ತಳ್ಳಿಕೊಂಡು ಹತ್ತಿರ ಬಂದು ಕೇಳಿದರು: "ಬಸ್ ಕೆಟ್ಟೋಯ್ತಾ ಅಣ್ಣ?"

ಹೀಗೆ ನಗುತ್ತಿದ್ದವರು ನಾವು. ಆಮೇಲೆ ಚಿಕ್ಕಪ್ಪನಿಗೆ ತಿರುವನಂತಪುರಕ್ಕೆ ವರ್ಗವಾಯಿತು. ಸೈಕಲ್ಲನ್ನೂ ರೈಲಿಗೆ ಹಾಕಿಕೊಂಡು ಹೋದರು. ಆ ಊರೋ, ಬರೀ ಏರು ಇಳಿಜಾರು. ಅಲ್ಲಿ ಅಣ್ಣ ಇಲ್ಲದಿದ್ದರೂ ತಳ್ಳಲೇಬೇಕು!

ಅದೇ ವರ್ಷ ಅಪ್ಪನ ಕಣ್ಣು ಮಂಜಾಗತೊಡಗಿತು. ಮೊದಲು ಅನ್ನದೊಳಗಿನ ಕಲ್ಲು ಕಾಣದಾಯಿತು, ಆಮೇಲೆ ಪೇಪರಿನ ಅಕ್ಷರ. ತಿರುವನಂತಪುರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಆಪರೇಷನ್ ಮಾಡಿದರೆ ಉಳಿದ ದೃಷ್ಟಿ ಉಳಿಯಬಹುದು, ಅದೂ ಹೋಗಬಹುದು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು.

ಆಪರೇಷನ್ನಿನ ಹಿಂದಿನ ದಿನ ಚಿಕ್ಕಪ್ಪ ಗಂಜಿಯ ಕ್ಯಾರಿಯರ್ ತೂಗುಹಾಕಿಕೊಂಡು, ಎಂದಿನಂತೆ ಸೈಕಲ್ ತಳ್ಳುತ್ತಾ ಗೇಟಿನೊಳಗೆ ಬಂದರು. ಅಪ್ಪ ಕಿಟಕಿಯ ಸರಳು ಹಿಡಿದು ಕೂಗಿದರು.

"ಲೋ, ಅಲ್ಲೇ ನಿಲ್ಲು! ನಾಳೆ ಮೇಲೆ ನಂಗೆ ಕಾಣುತ್ತೋ ಇಲ್ವೋ. ಇವತ್ತೊಂದ್ಸಲ ಹತ್ತೋ."

ಚಿಕ್ಕಪ್ಪ ಕ್ಯಾರಿಯರನ್ನು ಕಟ್ಟೆಯ ಮೇಲಿಟ್ಟರು. ಚಪ್ಪಲಿ ಬಿಟ್ಟರು. ಕಿಟಕಿಯತ್ತ ನೋಡಿ ಕೈಮುಗಿದರು. ಬರಿಗಾಲಿನಲ್ಲಿ ಸೈಕಲ್ ಹತ್ತಿ, ತಲೆ ತಗ್ಗಿಸಿಕೊಂಡೇ ಅಂಗಳ ಸುತ್ತಿದರು. ಇಲ್ಲಿ ಸೈಕಲ್ ಬಿಡಬಾರದೆಂದು ವಾಚ್‌ಮನ್ ಮಲಯಾಳದಲ್ಲಿ ಕಿರುಚುತ್ತಾ ಹಿಂದೆ ಓಡಿದ. ಅಣ್ಣ ಸಾಕೆನ್ನದೆ ಇವರು ನಿಲ್ಲುವವರೇ? ಅಪ್ಪ ನನ್ನ ಕೈ ಅದುಮಿ, "ಹೊಡಿತಾನಲ್ಲೇ ಪುಟ್ಟಿ! ಎಷ್ಟು ಚೆನ್ನಾಗಿ ಹೊಡಿತಾನೆ!" ಎಂದರು. ಅವರು ಅಳುತ್ತಿದ್ದರು.

ಆಪರೇಷನ್ ಫಲಿಸಲಿಲ್ಲ.

ಅಪ್ಪ ಕೆಲಸ ಬಿಟ್ಟರು. ಚಿಕ್ಕಪ್ಪ ಯಾರ್ಯಾರನ್ನೋ ಕಾಡಿ ಬೇಡಿ ಮತ್ತೆ ಕೊಚ್ಚಿಗೆ ವರ್ಗ ಮಾಡಿಸಿಕೊಂಡು ಬಂದರು. ಇನ್ನಾದರೂ ಆ ತಳ್ಳಾಟ ಮುಗಿಯಿತು ಎಂದುಕೊಂಡೆವು, ನಾನೂ ಅಮ್ಮನೂ. ಎಲ್ಲಿ ಮುಗಿಯುತ್ತದೆ! ದಿನವೂ ಸಂಜೆ ನಮ್ಮ ಬೀದಿಯ ತಿರುವಿನಲ್ಲೇ ಇಳಿಯುತ್ತಿದ್ದರು. ಜಗುಲಿಯಲ್ಲಿ ಕುಳಿತ ಅಪ್ಪ ಟಿಕ್ ಟಿಕ್ ಸದ್ದಿಗೆ ತಲೆ ಎತ್ತಿ, "ಕಾಫಿಗಿಡು ಪುಟ್ಟಿ, ಬಂದ" ಎನ್ನುತ್ತಿದ್ದರು.

ಒಂದು ಸಂಜೆ ತಡೆಯದೆ ಕೇಳಿಯೇಬಿಟ್ಟರು: "ಇನ್ನೂ ಯಾಕೋ ತಳ್ಕೊಂಡು ಬರ್ತೀಯಾ? ಹತ್ಕೊಂಡೇ ಬಾರೋ. ನಂಗೇನು ಕಾಣುತ್ತಾ?"

ಚಿಕ್ಕಪ್ಪ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದರು.

"ನಂಗೆ ನೀನು ಕಾಣ್ತೀಯಲ್ಲ ಅಣ್ಣ."